ಸಂಚಿಯ ಹೊನ್ನಮ್ಮನ ಊರು

ಮೈಸೂರಿನಿಂದ ಹೊರಟ ಬಸ್ಸು ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಕಪಿಲೆಯರ ಸಂಗಮಸ್ಥಾನವನ್ನು ಹಿಂದಿಕ್ಕಿ, ಬತ್ತದ ಗದ್ದೆ, ತೆಂಗಿನ ತೋಟ, ಹಿಪ್ಪುನೇರಳೆಯ ಹೊಲಗಳ ನಡುವೆ ಸಾಗಿ, ಸುಮಾರು ಅರವತ್ತು ಕಿಲೋಮೀಟರುಗಳ ಪ್ರಯಾಣದ ಬಳಿಕ ಕೊಳ್ಳೇಗಾಲವನ್ನು ಮುಟ್ಟುತ್ತದೆ. ರೇಷ್ಮೆಯಿಂದ ಹೆಸರಾದ ಊರು ಇದು. 1956ರ ನವೆಂಬರ್ 1ರವರೆಗೆ ಈ ಊರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರಾದರೋ ಮೈಸೂರು ಸೀಮೆಯದು. ಎರಡು ಊರುಗಳ ನಡುವಣ ಅಂತರ ಸುಮಾರು ಹದಿನೈದು ಕಿಲೋಮೀಟರು. ಅಷ್ಟು ಅಲ್ಪ ದಾರಿಯಲ್ಲಿ ಅಂದಿನ ಪ್ರಯಾಣಿಕನು ಒಂದು ರಾಜ್ಯವನ್ನು ಬಿಟ್ಟು ಮತ್ತೊಂದು ರಾಜ್ಯಕ್ಕೆ ಕಾಲಿಡುತ್ತಿದ್ದನು. ಕಿವಿಗೆ ಬೀಳುವ ನುಡಿ ಮಾತ್ರ ಎರಡು ಕಡೆಯೂ ಕನ್ನಡವೇ. 1997ರಲ್ಲಿ ಚಾಮರಾಜನಗರ ಜಿಲ್ಲೆ ರೂಪುಗೊಂಡಾಗ ಎರಡೂ ಅದರೊಳಗೆ ಸೇರಿದವು. ಕೊಳ್ಳೇಗಾಲದ ಮಡಿಲಲ್ಲಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕು.

ಕೊಳ್ಳೇಗಾಲದಲ್ಲಿ ಇಳಿದ ಪ್ರವಾಸಿಗರಲ್ಲಿ ಹಲವರು ಶಿವನಸಮುದ್ರದ ಕಡೆಗೆ ತಿರುಗಿ ಭರಚುಕ್ಕಿಯ ಧಾರೆಯನ್ನು ನೋಡಿ ಕಣ್ಣು ತುಂಬಿಸಿಕೊಳ್ಳುತ್ತಾರೆ. ಹರಕೆ ಹೊತ್ತವರು ಹನೂರಿನ ದಾರಿ ಹಿಡಿದು ಮಲೆಯ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾರೆ. ಯಳಂದೂರಿಗೆಂದೇ ಬರುವವರು ವಿರಳ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ದಾರಿಯಲ್ಲಿ ಒಂದು ಲೋಟ ಕಾಫಿಗೆಂದು ಅಲ್ಲಿ ನಿಲ್ಲುವುದುಂಟು, ಅಷ್ಟೆ. ಆದರೆ ಮುನ್ನೂರು ವರ್ಷಗಳ ಕೆಳಗೆ ಈ ಸಣ್ಣ ಊರು ಮೈಸೂರಿನ ಒಬ್ಬ ಪ್ರತಾಪಶಾಲಿ ಅರಸರಿಗೆ ಮಂತ್ರಿಯನ್ನು ಕೊಟ್ಟಿತು, ರಾಣಿಯನ್ನು ಕೊಟ್ಟಿತು, ಕವಯಿತ್ರಿಯನ್ನು ಕೊಟ್ಟಿತು. ಆ ಅರಸರ ಆಳ್ವಿಕೆಯಲ್ಲಿ ಪೆಟ್ಟು ತಿಂದಿತೆಂದು ಹೇಳಲಾಗುವ ಸಮುದಾಯದ ಮಹಾಕವಿಯೊಬ್ಬನಿಗೂ ಇದೇ ಊರು ನೆಲೆಯಾಗಿತ್ತು. ಅಧಿಕಾರಕ್ಕೂ ಅಕ್ಷರಕ್ಕೂ ಇರುವ ನಂಟನ್ನು ಅರಿಯಬೇಕೆನ್ನುವವನಿಗೆ ಸುವರ್ಣಾವತಿಯ ದಂಡೆಯ ಈ ಊರಿಗಿಂತ ಒಳ್ಳೆಯ ಪಾಠಶಾಲೆ ಬೇರೆ ಸಿಗಲಾರದು.

ದೊರೆ ಮತ್ತು ವಾದ್ಯಗಾರ

ಇಂಥ ಕಥೆಗಳೆಂದರೆ ನಮ್ಮಲ್ಲಿ ಓದುಬರಹ ಬಲ್ಲವರಿಗೆ ಮೊದಲು ನೆನಪಾಗುವುದು ಯೂರೋಪಿನ ಚರಿತ್ರೆ. ನೆಪೋಲಿಯನ್ನನ ಹೆಸರಿಗೆ ಅರ್ಪಿಸಬೇಕೆಂದಿದ್ದ ತನ್ನ ಕೃತಿಯಿಂದ ಆ ಹೆಸರನ್ನು ಬೀಥೋವನ್ ಕಿತ್ತುಹಾಕಿದ ಪ್ರಸಂಗವನ್ನು ಶಾಲೆಯ ಹುಡುಗರೂ ಬಲ್ಲರು. 1804ರಲ್ಲಿ ನೆಪೋಲಿಯನ್ನನು ತನ್ನನ್ನು ಚಕ್ರವರ್ತಿಯೆಂದು ಘೋಷಿಸಿಕೊಂಡದ್ದು ಅದಕ್ಕೆ ಕಾರಣ. ಅದಕ್ಕೂ ಹಿಂದಿನ ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿ ಆಳುತ್ತಿದ್ದನು. 1638ರಲ್ಲಿ ಹುಟ್ಟಿ, 1661ರಿಂದ ಅಧಿಕಾರದ ಸೂತ್ರವನ್ನೆಲ್ಲ ತನ್ನ ಕೈಯಲ್ಲೇ ಹಿಡಿದು, 1715ರವರೆಗೆ ಬಾಳಿದ ಈ ದೊರೆ ಹರೆಯದಲ್ಲಿ ಸೂರ್ಯನ ವೇಷ ತೊಟ್ಟು ತಾನೇ ರಂಗದ ಮೇಲೆ ಕುಣಿದವನು. ಅವನ ಆಸ್ಥಾನದ ಸಂಗೀತಗಾರ ಲುಲ್ಲಿ. 1672ರಲ್ಲಿ ಒಪೆರಾ ಎಂಬ ಸಂಗೀತನಾಟಕವನ್ನು ಆಡಿಸುವ ಹಕ್ಕನ್ನು ಈತನು ತನ್ನೊಬ್ಬನಿಗೇ ಬರೆಯಿಸಿಕೊಂಡನು. ಈತನ ನಾಟಕಗಳ ಆದಿಯಲ್ಲಿ ದೊರೆಯ ಕೀರ್ತಿಯನ್ನು ಕೊಂಡಾಡುವ ಪೀಠಿಕೆಯೊಂದು ಇರುತ್ತಿತ್ತು. 1687ರ ಜನವರಿಯಲ್ಲಿ, ರೋಗದಿಂದ ಚೇತರಿಸಿಕೊಂಡ ದೊರೆಯ ಸಲುವಾಗಿ ಏರ್ಪಡಿಸಿದ್ದ ಸ್ತೋತ್ರಗಾಯನಕ್ಕೆ ದೊಣ್ಣೆಯಿಂದ ತಾಳ ಕುಟ್ಟುತ್ತಿರುವಾಗ ಏಟು ತಪ್ಪಿ ಅವನ ಕಾಲಿಗೇ ಬಿದ್ದಿತು. ಗಾಯ ಕೊಳೆತು ಎರಡು ತಿಂಗಳಲ್ಲಿ ಅವನು ತೀರಿಕೊಂಡನು.

ಅದೇ ದೊರೆ 1685ರಲ್ಲಿ ಪ್ರಾಟೆಸ್ಟಂಟರಿಗೆ ಮೊದಲಿನಿಂದ ಇದ್ದ ರಕ್ಷಣೆಯ ಶಾಸನವನ್ನು ರದ್ದುಪಡಿಸಿ, ಅವರ ಪ್ರಾರ್ಥನಾಮಂದಿರಗಳನ್ನು ಕೆಡಹಿಸಿದನು. ಲಕ್ಷಗಟ್ಟಲೆ ಜನ ದೇಶ ಬಿಟ್ಟು ಓಡಿದರು. ಅದೇ ದೊರೆಯ ಕಾಲದಲ್ಲೇ, 1678ರಲ್ಲಿ, ಮದಾಂ ದ ಲಾಫಯೆತ್ ಎಂಬ ಮಹಿಳೆ ಹೆಣ್ಣಿನ ಅಂತರಂಗವನ್ನು ಬಿಡಿಸಿ ತೋರಿಸುವ ಒಂದು ಕಾದಂಬರಿಯನ್ನು ತನ್ನ ಹೆಸರು ಹಾಕದೆ ಪ್ರಕಟಿಸಿದಳು. ದೊರೆಯ ಮೊಮ್ಮಗನಿಗೆ ಗುರುವಾಗಿದ್ದ ಫೆನೆಲಾನನು ರಾಜಕುಮಾರನ ಶಿಕ್ಷಣಕ್ಕೆಂದು ಬರೆದ ಕಥೆ 1699ರಲ್ಲಿ ಹೊರಬಂದಿತು. ಪ್ರಜೆಗಳಿಗಾಗಿ ರಾಜನೇ ಹೊರತು ರಾಜನಿಗಾಗಿ ಪ್ರಜೆಗಳಲ್ಲವೆಂಬ ಅದರ ನೀತಿ ಅರಮನೆಗೆ ರುಚಿಸಲಿಲ್ಲ. ಮೊದಲೇ ಆಸ್ಥಾನದಿಂದ ದೂರ ಕಳುಹಿಸಲ್ಪಟ್ಟಿದ್ದ ಫೆನೆಲಾನನು ಗುರುವಿನ ಪದವಿಯನ್ನೂ ಆಗಲೇ ಕಳೆದುಕೊಂಡಿದ್ದನು.

ಫ್ರಾನ್ಸಿನಲ್ಲಿ ಇದೆಲ್ಲ ನಡೆಯುತ್ತಿದ್ದಾಗ ಶ್ರೀರಂಗಪಟ್ಟಣದಲ್ಲಿ ಪಟ್ಟದ ಮೇಲಿದ್ದವರು ಚಿಕ್ಕದೇವರಾಜ ಒಡೆಯರು. 1645ರಲ್ಲಿ ಜನಿಸಿ 1673ರಿಂದ 1704ರವರೆಗೆ ಆಳಿದ ಇವರು ಲೂಯಿ ದೊರೆಗೆ ಏಳು ವರ್ಷ ಕಿರಿಯರು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದ್ದರೋ ಇಲ್ಲವೋ. ಎರಡು ಆಸ್ಥಾನಗಳ ಕಥೆ ಮಾತ್ರ ಹೆಜ್ಜೆಗೆ ಹೆಜ್ಜೆ ಸೇರುತ್ತದೆ.

ಬಳೆ ಮಂಟಪದ ಎದುರು

ಕೊಳ್ಳೇಗಾಲದಿಂದ ಯಳಂದೂರಿಗೆ ಬರುವವನು ಮೊದಲು ನೋಡಬೇಕಾದುದು ಗೌರೀಶ್ವರ ದೇವಾಲಯ. ವಿಜಯನಗರದ ಅಧೀನದಲ್ಲಿದ್ದ ಹದಿನಾಡಿನ ಪಾಳೆಯಗಾರರು ಕಟ್ಟಿಸಿದ ಗುಡಿ ಇದು. ಇದರ ಮಹಾದ್ವಾರಕ್ಕೆ ಗೋಪುರವಿಲ್ಲ. ಆದರೆ ಗೋಡೆಗಳ ಮೇಲೆ ಶಿವನ ಲೀಲೆಗಳೂ ವಿಷ್ಣುವಿನ ಅವತಾರಗಳೂ ಅಕ್ಕಪಕ್ಕದಲ್ಲೇ ಕಂಡರಿಸಲ್ಪಟ್ಟಿವೆ. ಒಂದೇ ಕಲ್ಲಿನಲ್ಲಿ ಕೊರೆದ ಬಳೆಗಳು ಒಂದಕ್ಕೊಂದು ಕೋದುಕೊಂಡು ಸರಪಳಿಯಾಗಿ ಇಳಿಬಿದ್ದಿರುವುದರಿಂದ ಜನ ಇದನ್ನು ಬಳೆ ಮಂಟಪವೆಂದು ಕರೆಯುತ್ತಾರೆ. ಮಕ್ಕಳನ್ನು ಕರೆತಂದ ತಾಯಂದಿರು ಎತ್ತಿ ತೋರಿಸುವುದು ಈ ಬಳೆಗಳನ್ನೇ. ಊರಿನ ಪಕ್ಕದಲ್ಲಿ ಹರಿಯುವ ಸುವರ್ಣಾವತಿಗೆ ಹಳೆಯ ಹೆಸರು ಹೊನ್ನುಹೊಳೆ. ಹೊಳೆಯ ನೀರು ಗದ್ದೆಗಳನ್ನು ತಣಿಸಿ ಮುಂದೆ ಕೊಳ್ಳೇಗಾಲದ ಬಳಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ.

ಈ ಗುಡಿಯ ಬಾಗಿಲನ್ನು ಕಂಡಿರಬಹುದಾದವರಲ್ಲಿ ಒಬ್ಬನು ಷಡಕ್ಷರಿ ಕವಿ. ಮಳವಳ್ಳಿಯ ಕಡೆಯ ಧನಗೂರಿನವನು. ಯಳಂದೂರಿನ ವೀರಶೈವ ಮಠಕ್ಕೆ ಅಧಿಪತಿಯಾಗಿ ಇಲ್ಲಿಯೇ ಬಾಳಿದನು. ಕನ್ನಡದಲ್ಲಿ ಚಂಪೂಕಾವ್ಯದ ಕಾಲ ಮುಗಿಯಿತೆಂದು ತೋರುತ್ತಿದ್ದಾಗ ಅದಕ್ಕೆ ಮತ್ತೆ ಜೀವಕಳೆ ತುಂಬಿದವನು ಈತ. ಇವನ ‘ರಾಜಶೇಖರ ವಿಲಾಸ’ ಹದಿನೇಳನೆಯ ಶತಮಾನದ ನಡುಭಾಗದ್ದು. ಅದರ ಕಥೆಯನ್ನು ಒಂದು ಕಾಲದಲ್ಲಿ ಅಜ್ಜಿಯರೂ ಬಲ್ಲವರಾಗಿದ್ದರು. ಚೋಳನ ಮಗನಾದ ರಾಜಶೇಖರನೂ ಮಂತ್ರಿಯ ಮಗನೂ ಊರ ಬೀದಿಯಲ್ಲಿ ಕುದುರೆಗಳನ್ನು ಓಡಿಸಿಕೊಂಡು ಬರುತ್ತಾರೆ. ತಿರುಕೊಳವಿನಾಚಿ ಎಂಬ ಬಡ ತಾಯಿಯ ಮಗು ಕುದುರೆಯ ಕಾಲಡಿಗೆ ಸಿಕ್ಕಿ ಸಾಯುತ್ತದೆ. ತಾಯಿ ಎದೆ ಬಡಿದುಕೊಳ್ಳುತ್ತ ಅರಸನ ಬಾಗಿಲಿಗೆ ಬಂದು ನ್ಯಾಯ ಕೇಳುತ್ತಾಳೆ. ಅರಸನು ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ಶಿವನು ಪ್ರತ್ಯಕ್ಷನಾಗಿ ಎಲ್ಲರನ್ನೂ ಬದುಕಿಸುತ್ತಾನೆಂಬುದು ನಿಜ. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಆ ತಾಯಿಯ ಗೋಳು. ಅರಸುಮಕ್ಕಳ ಕುದುರೆಗೂ ಬಡವಳ ಮಗುವಿಗೂ ಒಂದೇ ನ್ಯಾಯವೆಂದು ಫೆನೆಲಾನನಿಗಿಂತ ನಾಲ್ಕು ದಶಕಗಳಷ್ಟು ಮುಂಚೆಯೇ ಈ ದಂಡೆಯ ಕವಿ ಹಾಡಿದ್ದನು.

ಇದೇ ಊರಿನ ಇನ್ನೊಬ್ಬನು ವಿಶಾಲಾಕ್ಷ ಪಂಡಿತ. ಜೈನ ವಿದ್ವಾಂಸ. ಚಿಕ್ಕದೇವರಾಜರು ಪಟ್ಟಕ್ಕೆ ಬರುವ ಮೊದಲು, ಗುಂಡ್ಲುಪೇಟೆಯ ಕಡೆಯ ಹಂಗಳದಲ್ಲಿ ದಿನ ಕಳೆಯುತ್ತಿದ್ದಾಗ, ಅವರ ಜೊತೆಗಿದ್ದು ಪ್ರೀತಿ ಸಂಪಾದಿಸಿದನು. ಅರಸರಾದ ಮೇಲೆ ಅವರು ಇವನನ್ನೇ ಪ್ರಧಾನಿಯಾಗಿ ಮಾಡಿಕೊಂಡರು. ಅರಸರ ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನವರೇ. ಅರಸರಿಗೆ ಎಲೆಯಡಕೆಯ ಸಂಚಿಯನ್ನು ಹಿಡಿದು ಸೇವೆ ಮಾಡುತ್ತಿದ್ದ ಹೊನ್ನಮ್ಮನೂ ಈ ಊರಿನ ಮಗಳೇ.

ಒಂಬತ್ತು ಕೋಟಿಯ ಒಡೆಯರು

ಚಿಕ್ಕದೇವರಾಜರ ಆಳ್ವಿಕೆಯನ್ನು ಮೆಚ್ಚಲು ಕಾರಣಗಳು ಬಹಳ. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ‘ಅಠಾರಾ ಕಚೇರಿ’ಯನ್ನು ಸ್ಥಾಪಿಸಿದರು. ಅಂಚೆಯ ವ್ಯವಸ್ಥೆಯನ್ನು ತಂದರು. ಕಾವೇರಿಯಿಂದ ನಾಲೆ ತೆಗೆಸಿ ಗದ್ದೆಗಳಿಗೆ ನೀರು ಹರಿಸಿದರು. ಬೊಕ್ಕಸವನ್ನು ತುಂಬಿಸಿ ‘ನವಕೋಟಿನಾರಾಯಣ’ನೆಂಬ ಬಿರುದನ್ನು ಪಡೆದರು. ಪ್ರತಿದಿನವೂ ಎರಡು ಚೀಲ ಹೊನ್ನು ಖಜಾನೆಗೆ ಸೇರದ ಹೊರತು ಒಡೆಯರು ಉಪವಾಸ ಮುರಿಯುತ್ತಿರಲಿಲ್ಲವೆಂಬ ಮಾತು ಬಹುಕಾಲ ಜನಜನಿತವಾಗಿತ್ತು.

ಆ ಹೊನ್ನು ಎಲ್ಲಿಂದ ಬರಬೇಕು? ಹೊಲ ಉಳುವವನ ಮನೆಯಿಂದಲೇ ಬರಬೇಕಷ್ಟೆ. ಕರ್ನಲ್ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿ ದಕ್ಷಿಣ ಭಾರತದ ಚರಿತ್ರೆಯನ್ನು ಬರೆದು ಅದರ ಮೊದಲ ಸಂಪುಟವನ್ನು 1810ರಲ್ಲಿ ಪ್ರಕಟಿಸಿದನು. ಅವನ ಪ್ರಕಾರ, ಹೊಸ ಹೊಸ ತೆರಿಗೆಗಳ ಭಾರವನ್ನು ತಾಳಲಾರದೆ ರೈತರು ಉಳುಮೆ ನಿಲ್ಲಿಸಿ ದಂಗೆಯೆದ್ದರು. ಅವರ ಬೆನ್ನಿಗೆ ನಿಂತವರು ಹಳ್ಳಿಹಳ್ಳಿಯ ಮಠಗಳ ಜಂಗಮರು. ಸಂಧಾನಕ್ಕೆಂದು ನಂಜನಗೂಡಿಗೆ ಕರೆಸಿಕೊಂಡ ನಾಲ್ಕು ನೂರಕ್ಕೂ ಮೀರಿದ ಜಂಗಮರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ತಲೆ ಹೊಡೆದು ಹಳ್ಳಕ್ಕೆ ತಳ್ಳಲಾಯಿತೆಂದೂ, ಏಳು ನೂರಕ್ಕೂ ಮೀರಿದ ಮಠಗಳನ್ನು ಕೆಡಹಲಾಯಿತೆಂದೂ ಅವನು ಬರೆಯುತ್ತಾನೆ.

ಈ ಸಂಗತಿಯನ್ನು ವಿಲ್ಕ್ಸ್ ಬರೆದಂತೆಯೇ ಒಪ್ಪಬೇಕೆಂಬ ನಿಯಮವೇನೂ ಇಲ್ಲ. ಅವನು ಬರೆದುದು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ. ಅದೂ ಕೇಳಿದ ಮಾತುಗಳ ಆಧಾರದಿಂದ. ಈ ಲೆಕ್ಕಗಳನ್ನು ನಂಬದ ಇತಿಹಾಸಕಾರರು ಇದ್ದಾರೆ. ಆದರೆ ವಿಶಾಲಾಕ್ಷ ಪಂಡಿತನು 1686ರಲ್ಲಿ ಕೊಲೆಯಾದನು. ಜಂಗಮರ ವಧೆಗೆ ಸಲಹೆ ಕೊಟ್ಟವನು ಇವನೇ ಎಂಬ ಸಂಶಯದಿಂದ ಆ ಪಂಗಡದವರೇ ಸೇಡು ತೀರಿಸಿಕೊಂಡರೆಂದು ಜನ ನಂಬಿದರು. ಸಾಯುವ ಮುನ್ನ, ತನ್ನ ಬಳಿಕ ತಿರುಮಲಾರ್ಯನೇ ಪ್ರಧಾನಿಯ ಪದವಿಗೆ ತಕ್ಕವನೆಂದು ಆತನು ಅರಸರಿಗೆ ತಿಳಿಸಿದನೆನ್ನುತ್ತಾರೆ. ತಿರುಮಲಾರ್ಯನು ವೈಷ್ಣವ, ಪಂಡಿತನು ಜೈನ. ಮತದ ಭೇದವನ್ನು ಮೀರಿ ಯೋಗ್ಯತೆಯನ್ನು ಗುರುತಿಸಿದ ಈ ಮಾತನ್ನೂ ಅವನ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಇಲ್ಲಿ ಯಳಂದೂರಿನ ಕಥೆ ಮನಸ್ಸನ್ನು ಕಲಕುತ್ತದೆ. 1677ರಲ್ಲಿ ಷಡಕ್ಷರಿ ಕವಿ ಬಸವಣ್ಣನವರ ಚರಿತ್ರೆಯನ್ನು ವಸ್ತುವಾಗಿಟ್ಟುಕೊಂಡು ‘ವೃಷಭೇಂದ್ರ ವಿಜಯ’ವನ್ನು ಮುಗಿಸಿದನು. ಬಿಜ್ಜಳನ ಭಂಡಾರವನ್ನು ಕಾಯುತ್ತಲೇ ಬಡವರ ಪಕ್ಷವನ್ನು ವಹಿಸಿದ ಮಹಾಪುರುಷನ ಕಥೆ ಅದು. ಆಮೇಲೆ ಹತ್ತು ವರ್ಷ ತುಂಬುವುದರೊಳಗೆ ಮಠಗಳ ಮೇಲೆ ಅರಸರ ಕೈ ಬಿದ್ದಿತೆಂಬ ಸುದ್ದಿ. ಬಸವಣ್ಣನವರ ಕಾವ್ಯವನ್ನು ಬರೆದ ಮಠಾಧಿಪತಿಯೂ, ಅರಸರ ಬಲಗೈಯಾಗಿದ್ದ ಪ್ರಧಾನಿಯೂ ಒಂದೇ ಹೊಳೆಯ ನೀರು ಕುಡಿದವರು. ಒಂದೇ ಬೀದಿಯಲ್ಲಿ ಇಬ್ಬರಿಗೂ ನೆಂಟರಿಷ್ಟರಿದ್ದಿರಬಹುದು. ದೊಡ್ಡ ರಾಜ್ಯದ ಕಲಹವು ಸಣ್ಣ ಊರಿನ ಮನೆಮನೆಯೊಳಗೆ ಹೇಗೆ ಹೊಕ್ಕಿರಬೇಕೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ.

ಆಸ್ಥಾನದ ಗ್ರಂಥಗಳಂತೂ ಈ ವಿಷಯದಲ್ಲಿ ತುಟಿ ಬಿಚ್ಚವು. ತಿರುಮಲಾರ್ಯನು ಅರಸರ ವಂಶವನ್ನೂ ವಿಜಯಗಳನ್ನೂ ವಿಸ್ತಾರವಾಗಿ ವರ್ಣಿಸಿದನು. ‘ಅಪ್ರತಿಮವೀರ ಚರಿತೆ’ ಎಂಬ ಅವನ ಗ್ರಂಥ ಅಲಂಕಾರಶಾಸ್ತ್ರಕ್ಕೆ ಸೇರಿದ್ದು. ಉಪಮೆ, ರೂಪಕ, ಉತ್ಪ್ರೇಕ್ಷೆಗಳಿಗೆ ಅಲ್ಲಿ ಕೊಟ್ಟಿರುವ ಉದಾಹರಣೆಗಳೆಲ್ಲ ಚಿಕ್ಕದೇವರಾಜರ ಹೊಗಳಿಕೆಯೇ. ಲುಲ್ಲಿಯ ಪೀಠಿಕೆಗಳನ್ನು ಇದರ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಅರಸರ ಹೆಸರಿನಲ್ಲೇ ‘ಗೀತಗೋಪಾಲ’ವೆಂಬ ಹಾಡುಗಬ್ಬವಿದೆ. ಲೂಯಿ ದೊರೆ ಕುಣಿದಂತೆ ನಮ್ಮ ಒಡೆಯರು ಹಾಡು ಕಟ್ಟಿದರೆಂದು ಆಸ್ಥಾನ ಹೇಳಿಕೊಂಡಿತು. ಅದರ ರಚನೆಯಲ್ಲಿ ತಿರುಮಲಾರ್ಯನ ಕೈಯಿತ್ತೆಂದು ಊಹಿಸುವ ವಿದ್ವಾಂಸರೂ ಉಂಟು. ತಿರುಮಲಾರ್ಯನ ತಮ್ಮ ಸಿಂಗರಾರ್ಯನು ಹರ್ಷನ ‘ರತ್ನಾವಳಿ’ಯ ಜಾಡಿನಲ್ಲಿ ‘ಮಿತ್ರವಿಂದಾ ಗೋವಿಂದ’ವನ್ನು ಬರೆದನು; ಕನ್ನಡದಲ್ಲಿ ಈಗ ದೊರೆಯುವ ಮೊದಲ ನಾಟಕ ಇದೇ. ಭಯವೂ ಬೆರಗೂ ಒಂದೇ ಚಾವಡಿಯಲ್ಲಿ ಬೆಳೆದವು. ನಾಟಕ ಬೇಕು, ಆದರೆ ಆ ಅರಸರ ಕಾಲವೇ ಬೇಡ ಎನ್ನುವ ಸೌಕರ್ಯ ಇಂದಿನ ಓದುಗನಿಗೆ ಇಲ್ಲ.

ಸಂಚಿ ಹಿಡಿದ ಕೈ

ಇಂಥ ಚಾವಡಿಯಲ್ಲಿ ಅರಸರ ಪಕ್ಕಕ್ಕೆ ನಿಂತು, ಕೇಳಿದಾಗ ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿದ್ದವಳು ಹೊನ್ನಮ್ಮ. ಸಂಚಿ ಹಿಡಿದವರ ಕಿವಿಗೆ ಬೀಳದ ಮಾತಿಲ್ಲ. ಆದರೆ ಅವರು ಮಾತನಾಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಹೊನ್ನಮ್ಮ ಪಂಡಿತರ ಮಾತುಗಳನ್ನು ಕೇಳಿ ಕೇಳಿಯೇ ಕಾವ್ಯದ ಮರ್ಮವನ್ನರಿತಳೆಂದು ಊಹಿಸಬಹುದು. ಅವಳಲ್ಲಿದ್ದ ಶಕ್ತಿಯನ್ನು ಸಿಂಗರಾರ್ಯನು ಗುರುತಿಸಿ ಗುರುವಾದನು. ತನ್ನ ಊರಿನ ಹೆಣ್ಣುಮಗಳಿಂದ ಒಂದು ಕಾವ್ಯ ಬರೆಯಿಸಬೇಕೆಂದು ರಾಣಿ ದೇವಾಜಮ್ಮಣ್ಣಿ ಬಯಸಿದರು. ಹೀಗೆ ಹುಟ್ಟಿದುದು ‘ಹದಿಬದೆಯ ಧರ್ಮ’; ಸಾಂಗತ್ಯದಲ್ಲಿ ಬರೆದ ಒಂಬತ್ತು ಸಂಧಿಗಳ ಕೃತಿ.

ಹದಿಬದೆಯೆಂದರೆ ಪತಿವ್ರತೆ. ಗಂಡನ ಮನೆಯಲ್ಲಿ ಹೆಣ್ಣು ಹೇಗೆ ನಡೆದುಕೊಳ್ಳಬೇಕು, ಅತ್ತೆ ಮಾವಂದಿರನ್ನು ಹೇಗೆ ಕಾಣಬೇಕು ಎಂಬುದೇ ಇದರ ವಸ್ತು. ಇಂದಿನ ಕಾಲೇಜು ಹುಡುಗಿ ಮೊದಲ ಸಂಧಿಗೇ ಪುಸ್ತಕವನ್ನು ಮುಚ್ಚಿಡಬಹುದು. ಆದರೆ ತಾಳ್ಮೆಯಿಂದ ಓದಿದವಳಿಗೆ, ನೀತಿ ಹೇಳುವ ಆ ತಣ್ಣನೆಯ ದನಿ ಒಂದೆಡೆ ಥಟ್ಟನೆ ಏರುವುದು ಕೇಳಿಸುತ್ತದೆ. ಹೆಣ್ಣೆಂದು ಹಳಿಯುವವರನ್ನು ನಿಲ್ಲಿಸಿ, ನಿಮ್ಮನ್ನು ಹೆತ್ತು ಹೊತ್ತು ಬೆಳೆಸಿದವಳು ಯಾರೆಂದು ಹೊನ್ನಮ್ಮ ಕೇಳುತ್ತಾಳೆ. ಮಗನೆಂದು ಹಿಗ್ಗುವುದೇಕೆ, ಮಗಳೆಂದು ಕುಗ್ಗುವುದೇಕೆ, ಹಾಗೆ ಭೇದವೆಣಿಸುವವರಿಗೆ ಕಣ್ಣಿಲ್ಲವೆ ಎಂಬುದು ಅವಳ ಪ್ರಶ್ನೆಯ ತಿರುಳು. ಹೆಣ್ಣಿನ ಧರ್ಮವನ್ನು ಹೇಳಲೆಂದು ನಿಯೋಜಿತಳಾದವಳು ಗಂಡಿನ ಅಧರ್ಮವನ್ನೂ ಹೇಳಿಯೇ ಬಿಟ್ಟಳು. ಅರಸರಿಗೆ ತಾಂಬೂಲ ಕೊಡುತ್ತಿದ್ದ ಕೈಯಿಂದಲೇ ಆ ಮಾತು ಬರೆಯಲ್ಪಟ್ಟಿತು. ಅರಸರ ಆಸ್ಥಾನವೇ ಅದನ್ನು ಕೇಳಿ ಮೆಚ್ಚಿತು.

ಮದಾಂ ದ ಲಾಫಯೆತ್ ಸಿರಿವಂತರ ಮನೆಯವಳು, ಹೆಸರನ್ನು ಮುಚ್ಚಿಟ್ಟು ಬರೆದಳು. ಅದೇ ಹೊತ್ತಿನ ಹೊನ್ನಮ್ಮ ಊಳಿಗದವಳು, ಹೆಸರನ್ನು ಉಳಿಸಿಕೊಂಡು ಬರೆದಳು. ಆ ಹೆಸರಿನ ಹಿಂದೆ ‘ಸಂಚಿ’ ಇಂದಿಗೂ ಹಾಗೆಯೇ ನಿಂತಿದೆ. ತೆರಿಗೆಯ ಬಗ್ಗೆ, ನಂಜನಗೂಡಿನ ಬಗ್ಗೆ ಅವಳು ಒಂದು ಮಾತನ್ನೂ ಆಡಲಿಲ್ಲವೆಂದು ದೂರುವುದು ಸುಲಭ. ಪ್ರಧಾನಿಯೇ ಆಡದ ಮಾತನ್ನು ಸಂಚಿಯವಳಿಂದ ನಿರೀಕ್ಷಿಸುವುದು ನ್ಯಾಯವೆ? ತನಗೆ ಗೊತ್ತಿದ್ದ ದಬ್ಬಾಳಿಕೆಯನ್ನು, ಒಲೆಯ ಮುಂದಿನ ದಬ್ಬಾಳಿಕೆಯನ್ನು, ಅವಳು ಹೆಸರಿಟ್ಟು ಕರೆದಳು. ಅಷ್ಟನ್ನು ಹೇಳುವ ಧೈರ್ಯ ಆಸ್ಥಾನದ ಬೇರೆ ಯಾವ ಕವಿಗೂ ಬಂದಿರಲಿಲ್ಲ.

ಗೆದ್ದವರ ಕಾದಂಬರಿ

ಯಳಂದೂರಿನ ಹೆಸರು ಚರಿತ್ರೆಯಲ್ಲಿ ಮತ್ತೆ ಮೇಲೆದ್ದುದು 1807ರಲ್ಲಿ. ಹೈದರಾಲಿಯ ಬಳಿಯಲ್ಲೂ ಟಿಪ್ಪುವಿನ ಬಳಿಯಲ್ಲೂ ಹಣಕಾಸನ್ನು ನೋಡಿಕೊಂಡು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದ ಪೂರ್ಣಯ್ಯನವರಿಗೆ ಆ ವರ್ಷ ಈ ಊರು ಜಹಗೀರಾಗಿ ಬಂದಿತು. ಮೂವರು ದೊರೆಗಳ ಬೊಕ್ಕಸದ ಕೀಲಿಕೈಯನ್ನು ಹಿಡಿದ ಆ ಹಿರಿಯರು ತಾವು ಕಂಡುದನ್ನೆಲ್ಲ ಬರೆದಿಟ್ಟಿದ್ದರೆ ಯಾವ ಕಾದಂಬರಿಯೂ ಅದರ ಮುಂದೆ ನಿಲ್ಲುತ್ತಿರಲಿಲ್ಲ.

ಬರೆದವರು ಬೇರೆಯವರು. ವಾಲ್ಟರ್ ಸ್ಕಾಟ್ 1827ರಲ್ಲಿ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆಯಲ್ಲಿ ಹೈದರನನ್ನೂ ಟಿಪ್ಪುವನ್ನೂ ಪಾತ್ರಗಳಾಗಿ ತಂದನು. ಭಾರತವನ್ನು ಅವನು ಕಣ್ಣಾರೆ ಕಂಡವನಲ್ಲ. ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ 1868ರದು. ಶ್ರೀರಂಗಪಟ್ಟಣದ ಲೂಟಿಯಲ್ಲಿ ಒಬ್ಬ ಆಂಗ್ಲ ಸೈನಿಕನು ಕದ್ದ ರತ್ನದಿಂದಲೇ ಅದರ ಕಥೆ ಮೊದಲಾಗುತ್ತದೆ. ಟಿಪ್ಪುವಿನ ಅರಮನೆಯಲ್ಲಿದ್ದ ಮರದ ಹುಲಿಯ ಹೊಟ್ಟೆಯೊಳಗೆ ವಾದ್ಯವೊಂದಿದೆ. ಅದೂ ಕಡಲು ದಾಟಿ ಹೋಯಿತು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸೋತ ದೊರೆಯನ್ನು ಕ್ರೂರಿಯೆಂದು ಕರೆಯುವುದು ಗೆದ್ದವರಿಗೆ ಅನುಕೂಲ; ಚಿಕ್ಕದೇವರಾಜರ ಮೇಲೆ ಆಪಾದನೆ ಬರೆದ ವಿಲ್ಕ್ಸನೂ ಗೆದ್ದವರ ಕಡೆಯ ಅಧಿಕಾರಿಯೇ. ಆದುದರಿಂದ ಆಸ್ಥಾನಕವಿಯ ಹೊಗಳಿಕೆಯನ್ನು ಹೇಗೆ ಅಳೆದು ನೋಡಬೇಕೋ, ಪರರಾಜ್ಯದ ಅಧಿಕಾರಿಯ ತೆಗಳಿಕೆಯನ್ನೂ ಹಾಗೆಯೇ ಅಳೆದು ನೋಡುವುದು ವಿವೇಕ.

ಹಾಗಾದರೆ ಸಂಬಳವಿಲ್ಲದೆ, ಜಹಗೀರಿಲ್ಲದೆ, ಗೆಲುವಿನ ಅಮಲೂ ಇಲ್ಲದೆ ದೊರೆಗಳ ಕಥೆ ಹೇಳಿದವರು ಯಾರೂ ಇಲ್ಲವೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಯಳಂದೂರಿನ ಬಯಲನ್ನು ಬಿಟ್ಟು ಬೆಟ್ಟದ ಸೀಮೆಗೆ ಏರಬೇಕು.

ಅರಗಿನ ಪಾದರಕ್ಷೆ

ಯಳಂದೂರಿನ ಬೆನ್ನಿಗೇ ಬಿಳಿಗಿರಿರಂಗನ ಬೆಟ್ಟ. ಅಲ್ಲಿಯ ಕಾಡಿನ ಮಕ್ಕಳಾದ ಸೋಲಿಗರು ರಂಗನಾಥನನ್ನು ಭಾವನೆಂದು ಕರೆಯುತ್ತಾರೆ; ತಮ್ಮ ಕುಲದ ಕುಸುಮಾಲೆಯನ್ನು ಅವನು ವರಿಸಿದನೆಂಬುದು ಅವರ ನಂಬಿಕೆ. ದೇವರು ರಾತ್ರಿಯ ಹೊತ್ತು ಕಾಡಿನಲ್ಲಿ ಸಂಚರಿಸುತ್ತಾನೆಂದು ದೊಡ್ಡ ಅಳತೆಯ ಚರ್ಮದ ಪಾದರಕ್ಷೆಗಳನ್ನು ಅರ್ಪಿಸುವ ಪದ್ಧತಿ ಇಲ್ಲಿದೆ. ಈ ಸೀಮೆಯ ಕಥೆಗಳಲ್ಲಿ ಪಾದರಕ್ಷೆಗೆ ಇನ್ನೊಂದು ಕೆಲಸವೂ ಇದೆ. ಅದನ್ನು ಕೇಳಬೇಕಾದವರು ಮತ್ತೆ ಕೊಳ್ಳೇಗಾಲಕ್ಕೆ ಬಂದು ಹನೂರಿನ ಬಸ್ಸು ಹಿಡಿಯಬೇಕು.

ಹನೂರು ದಾಟಿದ ಮೇಲೆ ಗದ್ದೆಗಳು ಹಿಂದುಳಿಯುತ್ತವೆ. ರಾಗಿ, ಜೋಳದ ಹೊಲಗಳೂ ಕುರುಚಲು ಕಾಡೂ ಎದುರಾಗುತ್ತವೆ. ಅಂಕುಡೊಂಕಾದ ಘಟ್ಟದ ದಾರಿ ಏರುತ್ತ ಏರುತ್ತ, ಎಪ್ಪತ್ತೇಳು ಮಲೆಗಳೆಂದು ಜನ ಎಣಿಸುವ ಗಿರಿಸಾಲಿನ ನಡುವೆ ಮಾದೇಶ್ವರನ ಗುಡಿಯನ್ನು ಮುಟ್ಟುತ್ತದೆ. ಶಿವರಾತ್ರಿಗೂ, ದೀಪಾವಳಿಗೂ, ಯುಗಾದಿಗೂ ಇಲ್ಲಿ ಜನಸಾಗರ. ಆ ನೂಕುನುಗ್ಗಲಿನಲ್ಲಿ ಕಂಸಾಳೆಯವರನ್ನು ಗುರುತಿಸುವುದು ಸುಲಭ. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ದಾರ ಪೋಣಿಸಿದ ಚಪ್ಪಟೆ ತಾಳ. ಎರಡನ್ನೂ ತಾಕಿಸಿದಾಗ ಏಳುವ ನಾದ ಬೆಟ್ಟದ ಗಾಳಿಯಲ್ಲಿ ಬಹು ದೂರ ಹೋಗುತ್ತದೆ. ಮಾದಪ್ಪನಿಗೆ ಒಕ್ಕಲಾದ ದೇವರಗುಡ್ಡರು ರಾತ್ರಿಯೆಲ್ಲ ಕುಳಿತು ಅವನ ಮಹಿಮೆಯನ್ನು ಹಾಡುತ್ತಾರೆ. ಕಥೆಯ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು. ಇದನ್ನು ಕಟ್ಟಿದ ಕವಿ ಯಾರೆಂದು ಕೇಳಿದರೆ ಹೇಳಲು ಹೆಸರಿಲ್ಲ. ತಂದೆ ಹಾಡಿದುದನ್ನು ಮಗ, ಗುರು ಹಾಡಿದುದನ್ನು ಗುಡ್ಡ, ಹೀಗೆ ಬಾಯಿಂದ ಬಾಯಿಗೆ ಬಂದುದು. ಪಿ. ಕೆ. ರಾಜಶೇಖರ ಅವರು ಇದನ್ನು ಸಂಗ್ರಹಿಸಿ 1973ರಲ್ಲಿ ಪುಸ್ತಕರೂಪಕ್ಕೆ ತಂದ ಬಳಿಕ ಪಟ್ಟಣದ ಓದುಗರಿಗೂ ಇದರ ಹಿರಿಮೆ ತಿಳಿಯಿತು.

ಶ್ರವಣ ದೊರೆಯ ಸಾಲು ಇದರಲ್ಲಿ ಒಂದು. ದೇವಾನುದೇವತೆಗಳನ್ನೇ ಸೆರೆಯಲ್ಲ��ಟ್ಟು ಜೀತ ಮಾಡಿಸಿಕೊಂಡ ದೊರೆ ಅವನು. ಅವನ ಮುಂದೆ ಸೈನ್ಯ ನಡೆಯದು, ಶಸ್ತ್ರ ನಾಟದು. ಮಾದಪ್ಪನು ಉಪಾಯ ಹೂಡುತ್ತಾನೆ. ಅರಗಿನಿಂದ ಚೆಲುವಾದ ಪಾದರಕ್ಷೆ ಸಿದ್ಧವಾಗುತ್ತದೆ. ಶ್ರವಣನು ಅದರ ಅಂದಕ್ಕೆ ಮರುಳಾಗಿ ಹೆಮ್ಮೆಯಿಂದ ಕಾಲಿಗೆ ತೊಡುತ್ತಾನೆ. ಅದೇ ಅವನ ಅಂತ್ಯಕ್ಕೆ ಕಾರಣವಾಗುತ್ತದೆ. ಜೀತ ಮಾಡಿ ಬಲ್ಲ ಜನ, ಪಾದರಕ್ಷೆ ಹೊಲಿದು ಬಲ್ಲ ಜನ ಕಟ್ಟಿ ಹಾಡಿದ ಕಥೆ ಇದು. ದೊರೆ ಯಾವುದರಿಂದ ಬೀಳುತ್ತಾನೆಂಬುದನ್ನು ಅವರು ಬಲ್ಲರು. ತಿರುಮಲಾರ್ಯನ ಅಲಂಕಾರಗ್ರಂಥದಲ್ಲಿ ಇಂಥದೊಂದು ಉದಾಹರಣೆ ದೊರೆಯಲಾರದು.

ಇನ್ನೊಂದು ಸಾಲು ಸಂಕಮ್ಮನದು. ಅವಳು ಸೋಲಿಗರ ಹೆಣ್ಣು. ಗಂಡ ನೀಲಯ್ಯ ಕಾಡಿಗೆ ಹೊರಡುವ ಮುನ್ನ ತನ್ನ ಶೀಲಕ್ಕೆ ಸಾಕ್ಷಿಯಾಗಿ ಬಲಗೈ ಮುಟ್ಟಿ ಭಾಷೆ ಕೊಡೆಂದು ಹೆಂಡತಿಯನ್ನು ಪೀಡಿಸುತ್ತಾನೆ. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕೆಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಕೊಡಬಾರದ ಹಿಂಸೆ ಕೊಟ್ಟು ಅವಳನ್ನು ಒಂಟಿಯಾಗಿ ಬಿಟ್ಟು ಹೋಗುತ್ತಾನೆ. ಆಗ ಮಾದಪ್ಪನು ಜಂಗಮನ ವೇಷದಲ್ಲಿ ಬಂದು ಅವಳನ್ನು ಕಾಪಾಡಿ, ಮಕ್ಕಳ ಭಾಗ್ಯವನ್ನೂ ಕರುಣಿಸುತ್ತಾನೆ. ಈ ಸಾಲು ಬಂದಾಗ ಹಾಡುಗಾರನ ದನಿ ಇಳಿಯುತ್ತದೆ. ಕೇಳುತ್ತ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕೊಳ್ಳೇಗಾಲದ ರೇಷ್ಮೆಸೀರೆ ಉಟ್ಟು ಬಂದವರೂ, ಹರಕೆಗೆಂದು ಬರಿಗಾಲಿನಲ್ಲಿ ನಡೆದು ಬಂದವರೂ ಆ ಹೊತ್ತಿನಲ್ಲಿ ಒಂದೇ.

ಅರಮನೆಯ ಹೊನ್ನಮ್ಮ ಹದಿಬದೆಯ ಧರ್ಮವನ್ನು ಹೇಳುತ್ತ ಹೇಳುತ್ತ ಒಂದು ಪ್ರಶ್ನೆಯನ್ನು ಕೇಳಿದಳು. ಕಾಡಿನ ಸಂಕಮ್ಮ ಹದಿಬದೆಯಾಗಿದ್ದುಕೊಂಡೇ ಭಾಷೆ ಕೊಡಲೊಲ್ಲೆನೆಂದಳು. ಒಬ್ಬಳ ಮಾತು ಓಲೆಯ ಮೇಲೆ ಉಳಿಯಿತು, ಇನ್ನೊಬ್ಬಳ ಮಾತು ಕಂಸಾಳೆಯವರ ಕೊರಳಿನಲ್ಲಿ ಉಳಿಯಿತು. ಇಬ್ಬರ ನಡುವೆ ಇರುವುದು ಒಂದು ದಿನದ ಬಸ್ಸಿನ ಪ್ರಯಾಣ ಮಾತ್ರ.

ಈ ದಾರಿಯಲ್ಲಿ ಸಂಸಾರಸಮೇತರಾಗಿ ಬರುವವರು ಕ್ರಮವನ್ನು ತಪ್ಪಿಸಬಾರದು. ಬೆಳಗಿನ ಹೊತ್ತು ಯಳಂದೂರಿನ ಬಳೆ ಮಂಟಪವನ್ನು ನೋಡಿ, ಅಲ್ಲಿಯೇ ನೆರಳಿನಲ್ಲಿ ಕುಳಿತು ಮಕ್ಕಳಿಗೆ ಹೊನ್ನಮ್ಮನ ಕಥೆಯನ್ನೂ, ತಿರುಕೊಳವಿನಾಚಿಯ ಕಥೆಯನ್ನೂ ಹೇಳಬೇಕು. ನಂಜನಗೂಡಿನ ಕಥೆಯನ್ನೂ ಮುಚ್ಚಿಡಬೇಕಾಗಿಲ್ಲ. ಯಾರು ಬರೆದರು, ಯಾವಾಗ ಬರೆದರು ಎಂಬುದನ್ನು ಸೇರಿಸಿ ಹೇಳಿದರಾಯಿತು. ಮಧ್ಯಾಹ್ನ ಕೊಳ್ಳೇಗಾಲದಲ್ಲಿ ಊಟ. ಸಂಜೆಯೊಳಗಾಗಿ ಬೆಟ್ಟವನ್ನು ಸೇರಿದರೆ, ಕತ್ತಲಾದ ಮೇಲೆ ಗುಡಿಯ ಸುತ್ತ ಎಲ್ಲಿಯಾದರೂ ಒಂದು ಕಂಸಾಳೆಯ ತಂಡ ಹಾಡಲು ಕುಳಿತಿರುವುದುಂಟು. ಹತ್ತಿರ ಹೋಗಿ ಕುಳಿತವರಿಗೆ ಅವರು ಜಾಗ ಬಿಡುತ್ತಾರೆ. ಯಾವ ಊರಿನವರೆಂದು ಮಾತ್ರ ಕೇಳುತ್ತಾರೆ, ಆಮೇಲೆ ಹಾಡು ನಿಂತಲ್ಲಿಂದ ಮುಂದುವರಿಯುತ್ತದೆ.